ಕಲ್ಲು ಹೊಳ್ಳಿಸುವ ಯಂಕೋಬ

ರಸ್ತೆಗೋ ಲೇಔಟಿಗೋ ಜೆಸಿಬಿ ಇಳಿಯುವ ಮೊದಲು ಆ ನೆಲದಲ್ಲಿ ಹಳೆಗಾಲದ್ದೇನಾದರೂ ಉಳಿದಿದೆಯೇ ಎಂದು ನೋಡಿ ವರದಿ ಕೊಡುವುದು ಯಂಕೋಬನ ಕೆಲಸವಾದ್ದರಿಂದ, ರಾಯಚೂರಿನಿಂದ ಮಾನ್ವಿಯವರೆಗೆ ಅವನ ಕೈಯಿಂದ ಪಾರಾದ ಕಲ್ಲಿಲ್ಲ. ಗಬ್ಬೂರಿನಲ್ಲಿ ಬಸ್ಸಿಳಿದರೆ ಜನರ ಮುಖಕ್ಕಿಂತ ಮೊದಲು ಅವರ ಮನೆಯ ಮೆಟ್ಟಿಲು ನೋಡುತ್ತಾನೆ. ಯಾರಾದರೂ "ಕುಂದರ್ರಿ ಸರ" ಎಂದು ಕಟ್ಟೆಯ ಕಲ್ಲು ತೋರಿಸಿದರೆ, "ತಡೀರಿ, ಮೊದ್ಲು ಹೊಳ್ಳಿಸಿ ನೋಡಮ" ಎಂದು ಚಹಾದ ಕಪ್ಪನ್ನು ಅವರ ಕೈಗೇ ವಾಪಸು ಕೊಟ್ಟು, ಕಲ್ಲು ಮಗುಚಲು ಹಾರೆ ಕೇಳುತ್ತಾನೆ. ಹಾಗೆ ಹೊಳ್ಳಿಸಿದ ಎಮ್ಮೆ ಕಟ್ಟುವ ಕಲ್ಲೊಂದರಲ್ಲಿ ಶಾಸನ ಸಿಕ್ಕು, ಬರಬೇಕಿದ್ದ ರಸ್ತೆಯೇ ಪಕ್ಕಕ್ಕೆ ಸರಿದ ಮೇಲೆ, ಗುತ್ತಿಗೆದಾರರು ಅವನನ್ನು ಕಂಡ ಕೂಡಲೇ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಾರೆ. ಬಾಗಲವಾಡದ ಮುದುಕಿಯೊಬ್ಬಳು ಅಕ್ಷರವಿದ್ದ ತನ್ನ ಒಗೆಯುವ ಕಲ್ಲನ್ನು ತಬ್ಬಿ ಕೂತಾಗಲೂ, "ಯವ್ವಾ, ಇದು ನಿಂದಲ್ಲ, ಎಲ್ಲಾರ್ದು" ಎಂದು ಪುಸಲಾಯಿಸಿ ಮ್ಯೂಸಿಯಮ್ಮಿಗೆ ಕಳಿಸಿದವನು ಇವನೇ. ಸಂಜೆ ದೇವದುರ್ಗದ ತನ್ನ ಮನೆಗೆ ಬಂದರೆ ಮಾತ್ರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂರುತ್ತಾನೆ. ತೀರಿಹೋದ ತಾಯಿ ಬಸ್ಸಮ್ಮ ಬಟ್ಟೆ ಒಗೆದೊಗೆದು ನುಣುಪು ಮಾಡಿದ ಕಲ್ಲದು. ಉಳಿಯಿಂದ ಕೆತ್ತಿದ ಗೆರೆಗಳು ಅಂಚಿನಲ್ಲಿ ಶುರುವಾಗಿ ಕಲ್ಲಿನ ಅಡಿಭಾಗಕ್ಕೆ ಇಳಿದಿವೆ. "ಇದನ್ನೂ ಒಮ್ಮಿ ಹೊಳ್ಳಿಸ್ರಿ" ಎಂದು ಹೆಂಡತಿ ಸುಜಾತಾ ಛೇಡಿಸಿದಾಗಲೆಲ್ಲ, "ನಾಳಿ ನೋಡಮ" ಎಂದು ಎದ್ದು ಹೋಗಿ ಹಾರೆಯನ್ನು ಬಾಗಿಲ ಹಿಂದೆ ಇಡುತ್ತಾನೆ.