ಅಜ್ಜಿಯ ಹಲ್ಲಿನ ಕಾರ್ಯಕ್ಕೆ ಬ್ಯಾಂಕಿಗೂ ಕರೆ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ನಮ್ಮ ಅಜ್ಜಿ ತನ್ನ ಹಲ್ಲಿನ ಕಾರ್ಯಕ್ಕೆ ಬ್ಯಾಂಕನ್ನು ಕರೆದು ಬಂದಳು. ಬರೀ ಮ್ಯಾನೇಜರನ್ನಲ್ಲ, ಇಡೀ ಬ್ಯಾಂಕನ್ನು.

ಅಜ್ಜಿಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಒಂದು ಮೇಲೆ ಎಡಕ್ಕೆ, ಇನ್ನೊಂದು ಕೆಳಗೆ ಬಲಕ್ಕೆ. ಒಂದರ ಮುಖ ಇನ್ನೊಂದು ನೋಡಿಲ್ಲ. ಖಡಕ್ ರೊಟ್ಟಿಯನ್ನು ಚಹಾದಲ್ಲಿ ಮುಳುಗಿಸಿ, ಅದು ಶರಣಾಗುವವರೆಗೆ ಕಾಯುತ್ತಿದ್ದಳು. ಅಫಜಲಪುರದಲ್ಲಿ ಬ್ಯಾಂಕಿನ ಎದುರಿಗಿರುವ ಹಲ್ಲಿನ ಡಾಕ್ಟರು ಅಳತೆ ತೆಗೆದು ಸೆಟ್ಟು ಮಾಡಿಟ್ಟಿದ್ದರು. ರೊಕ್ಕ ಕೊಟ್ಟರೆ ಹಲ್ಲು ಅಜ್ಜಿಯ ಬಾಯಿಗೆ. ಇಲ್ಲದಿದ್ದರೆ ಡಾಕ್ಟರ ಗಾಜಿನ ಕಪಾಟಿನಲ್ಲಿ ಯಾರನ್ನೋ ನೋಡಿ ನಗುತ್ತಾ ಕೂತಿರುತ್ತದೆ.

ಅದಕ್ಕಾಗಿ ಅಜ್ಜಿ ಮುಪ್ಪಿನ ಪಿಂಚಣಿಯನ್ನು ಕೂಡಿಸುತ್ತಿದ್ದಳು. ಕೂಡುತ್ತಿದೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳ ಖಾತೆಗೆ ನನ್ನ ನಂಬರು ಸೇರಿಸಿದ ಮೇಲೆ ನಿಜ ಗೊತ್ತಾಯಿತು. ಪಿಂಚಣಿ ಜಮಾ ಆಯಿತೆಂದು ಫೋನು ಟಿಂಗ್ ಎಂದಿತು. ನಾನು ಕುಣಿಯಲು ಒಂದು ಕಾಲು ಎತ್ತಿದ್ದೆ. ಇನ್ನೊಂದು ಟಿಂಗ್. ಎತ್ತಿದ ಕಾಲು ಹಾಗೇ ನಿಂತಿತು.

"ಏನಂತ ಬೇ?" ಅಜ್ಜಿ ಕೇಳಿದಳು.

"ದಂಡ ಕತ್ತರಿಸ್ಯಾರ. ನಿನ್ನ ಖಾತೆದಾಗ ಇರಬೇಕಾದಷ್ಟು ರೊಕ್ಕ ಇಲ್ಲಂತ. ಪ್ರತಿ ತಿಂಗಳಾ ಹಿಂಗೇ ಕತ್ತರಿಸಿರಬೇಕು."

"ಕಮ್ಮಿ ಅದ ಅಂತ ಇನ್ನಷ್ಟು ಕಮ್ಮಿ ಮಾಡ್ಯಾರ?"

"ಹೂಂ."

"ಭಾಳ ಶ್ಯಾಣ್ಯಾರಿದ್ದಾರ ಬಿಡು."

ಬೇರೆಯವರಾಗಿದ್ದರೆ ಅಳುತ್ತಿದ್ದರು. ಅಜ್ಜಿ ಅಡಿಕೆ ಚೂರೊಂದನ್ನು ಆ ಎರಡು ಹಲ್ಲುಗಳ ನಡುವೆ ಅತ್ತಿಂದಿತ್ತ ಓಡಿಸುತ್ತಾ ಯೋಚನೆಗೆ ಕೂತಳು. ನಮ್ಮ ಕಡೆ ಆಯೇರಿ ಹಾಕುವ ಪದ್ಧತಿ ಉಂಟು. ಒಬ್ಬರ ಮನೆಯ ಕಾರ್ಯದಲ್ಲಿ ನಾವು ಸೀರೆಯನ್ನೋ ರೊಕ್ಕವನ್ನೋ ಹಾಕಿದರೆ, ನಮ್ಮ ಮನೆಯ ಕಾರ್ಯಕ್ಕೆ ಬಂದು ಅವರು ತಿರುಗಿ ಹಾಕಲೇಬೇಕು. ಈ ವಿಷಯದಲ್ಲಿ ಅಜ್ಜಿ ಸುಪ್ರೀಂ ಕೋರ್ಟು. ಆಳಂದದ ಅತ್ತೆ ಎಂದೋ ಹಾಕಿದ ಕುಪ್ಪಸದ ಬಟ್ಟೆ ಚಿಕ್ಕದಿತ್ತು ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ತಾಜಾ ಸುದ್ದಿ.

"ಹಂಗಾದ್ರ ನಾ ಬ್ಯಾಂಕಿನವರಿಗೆ ಇಷ್ಟ್ ದಿನ ಆಯೇರಿ ಹಾಕೇನಿ," ಎಂದಳು. "ಈಗ ಅವರ ಪಾಳಿ."

"ನಮ್ಮನ್ಯಾಗ ಕಾರ್ಯ ಎಲ್ಲಿ ಅದ, ಅಜ್ಜಿ?"

"ಕೂಸಿಗೆ ಒಂದ್ ಹಲ್ಲು ಬಂದ್ರ ಊರಿಗೆಲ್ಲಾ ಹೇಳ್ತೀರಿ. ನನಗ ಒಮ್ಮೆಲೇ ಬಾಯಿ ತುಂಬ ಬರಾಕತ್ತಾವ. ಕಾರ್ಯ ಮಾಡಬಾರದೇನು?"

ಬುದ್ಧಿ ಇರುವ ಮೊಮ್ಮಗಳು ಇಲ್ಲಿ ತಡೆಯುತ್ತಿದ್ದಳು. ನಾನು ಓಡಿಹೋಗಿ, ಕಾರ್ಯಕ್ಕೆ ಕರೆಯಲು ಒಯ್ಯುವ ಕುಂಕುಮದ ತಟ್ಟೆ ತೊಳೆದೆ.

ಚೌಡಾಪುರದಿಂದ ಬಸ್ಸು ಹತ್ತಿ ಅಫಜಲಪುರದಲ್ಲಿ ಇಳಿದೆವು. ಬ್ಯಾಂಕಿನಲ್ಲಿ ಸಾಲು ಬಾಗಿಲ ಹೊರಗೂ ಚಾಚಿತ್ತು. ಅಜ್ಜಿ ಸಾಲು ಹಿಡಿಯಲಿಲ್ಲ. ಕಾರ್ಯಕ್ಕೆ ಕರೆಯಲು ಬಂದವರು ಸಾಲು ಹಿಡಿಯುತ್ತಾರೆಯೇ? ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು ನಾನು ಹಿಂದೆ ನಡೆದೆ. ವಿಡಿಯೊ ತುಂಡು ತುಂಡಾಗಿ ನನ್ನ ಸ್ಟೇಟಸ್ಸಿಗೆ ಏರುತ್ತಿತ್ತು. ಗಂಡಸರ ಹಣೆಗೆ ವಿಭೂತಿ, ಹೆಂಗಸರಿಗೆ ಕುಂಕುಮ, ಕೈಗೆ ಅಕ್ಕಿಕಾಳು. ಬಂದೂಕು ಹಿಡಿದ ಕಾವಲಿನವನು ಬಾಗಿ ಹಣೆ ಕೊಟ್ಟ.

ಮ್ಯಾನೇಜರು ಅಕ್ಕಿಕಾಳನ್ನು ಎಲ್ಲಿಡಬೇಕೆಂದು ತಿಳಿಯದೆ ಪೆನ್ನಿನ ಡಬ್ಬಿಗೆ ಹಾಕಿದರು. "ಅಜ್ಜಿ, ಏನ್ ಕಾರ್ಯರಿ?"

"ನನಗ ಹಲ್ಲು ಬರಾಕತ್ತಾವ್ರಿ. ಎಲ್ಲಾರೂ ಬರ್ರಿ. ನಾ ಹಾಕಿದ ಆಯೇರಿ ಮರೀಬ್ಯಾಡ್ರಿ."

ನಾನು ದಂಡದ ಮೆಸೇಜನ್ನು ತೋರಿಸಿದೆ. ಸಾಲಿನಲ್ಲಿದ್ದ ಹಳದಿ ರುಮಾಲಿನವನು ಇಣುಕಿ ನೋಡಿ ಕೂಗಿದ:

"ಸಾಹೇಬ್ರ, ನಂದೂ ಆಯೇರಿ ಅದ್ರಿ! ಯಾವಾಗ ತಿರುಗಿ ಹಾಕ್ತೀರಿ?"

"ನಂದೂ ಅದ!" ಎಂದಳು ಇನ್ನೊಬ್ಬಳು. "ಮಗಳ ಸ್ಕಾಲರ್‌ಶಿಪ್ ಬಂದ ದಿನಾನೇ ಹಾಕಿಸ್ಕೊಂಡೀರಿ."

"ಹೋಳಿಗಿ ಇರ್ತಾವೇನಜ್ಜಿ?" ಎಂದಿತು ಸಾಲಿನ ಹಿಂದಿನ ದನಿಯೊಂದು.

"ಶೇಂಗಾ ಹೋಳಿಗಿ. ಮೊದಲ ನನ್ನ ಹಲ್ಲು ಬರಲಿ ತಡಿ."

ಮ್ಯಾನೇಜರು ಹಣೆಯ ವಿಭೂತಿ ಬೆವರಿನ ಜೊತೆ ಇಳಿಯುವಂತೆ ಕಂಪ್ಯೂಟರು ನೋಡಿದರು. "ಅಜ್ಜಿ, ಇದು ಸಾದಾ ಖಾತೆ ಅದ್ರಿ. ಇಷ್ಟ್ ರೊಕ್ಕ ಇರಲೇಬೇಕು ಅನ್ನದ ಖಾತೆ ಬ್ಯಾರೇನೇ ಇರ್ತದ. ಇವತ್ತೇ ಬದಲಿ ಮಾಡ್ತೀನಿ. ಇನ್ನ ಮ್ಯಾಲ ಕತ್ತರಿಸೂದಿಲ್ಲ."

"ಹಿಂದಿಂದು?"

"ಹಿಂದಿಂದಕ್ಕ ಒಂದು ಅರ್ಜಿ ಕೊಡ್ರಿ. ಮ್ಯಾಲಿನವರಿಗೆ ನಾನೇ ಹೇಳಿ..." ಎನ್ನುತ್ತಾ ಪೆನ್ನಿನ ಮುಚ್ಚಳ ತೆಗೆದರು. ಅಜ್ಜಿಯ ಹಲ್ಲು ಕಪಾಟಿನಿಂದ ಅರ್ಧ ಹೊರಬಂದಂತೆ ನನಗೆ ಕಂಡಿತು.

ಆಗ ಅಪ್ಪ ಒಳಗೆ ಬಂದ. ಅವನು ತೊಗರಿ ಚೀಲ ಹೊರುವ ಟೆಂಪೊ ಓಡಿಸುತ್ತಾನೆ. ಅಂದು ಅಫಜಲಪುರದಲ್ಲಿ ಚೀಲ ತುಂಬಿಕೊಂಡು ಜೇವರ್ಗಿಗೆ ಹೊರಡುವವನಿದ್ದ. ಹೊರಡುವ ಮುಂಚೆ ನನ್ನ ಸ್ಟೇಟಸ್ ನೋಡಿದ್ದ. ಹೆತ್ತ ತಾಯಿ ಬ್ಯಾಂಕಿನಲ್ಲಿ ರೊಕ್ಕಕ್ಕೆ ಸೆರಗೊಡ್ಡುತ್ತಿದ್ದಾಳೆ ಎಂದು ನಾಲ್ಕು ಜನ ಆಡಿಕೊಂಡರೆ ಗತಿಯೇನು? ಅವನ ಕಿವಿಗಳು ಕೆಂಪಾಗಿದ್ದವು.

"ಸಾಹೇಬ್ರ, ಅರ್ಜಿಗಿರ್ಜಿ ಏನೂ ಬ್ಯಾಡ್ರಿ. ಹಿಂದಿಂದು ಬಿಟ್ಟಬಿಡ್ರಿ. ಬಸವಣ್ಣನ ದಯಾದಿಂದ ನಮ್ಮನ್ಯಾಗ ಏನೂ ಕಮ್ಮಿ ಇಲ್ಲ!"

ಮ್ಯಾನೇಜರು ಮುಚ್ಚಳ ಹಾಕಿದ ವೇಗಕ್ಕೆ ಒಲಿಂಪಿಕ್ಸಿನಲ್ಲಿ ಪದಕ ಬರುತ್ತದೆ. ಅಜ್ಜಿ ಮೆಲ್ಲಗೆ ತಿರುಗಿದಳು.

"ಏನೂ ಕಮ್ಮಿ ಇಲ್ಲೇನಪ್ಪ?"

"ಇಲ್ಲ. ನಡಿಯವ್ವ ಮನಿಗೆ."

"ಎಲ್ಲಾರೂ ಕೇಳಿದ್ರೇನ್ರೀ?"

"ಕೇಳೇವ್ರಿ!" ಎಂದಿತು ಸಾಲು.

"ಹಂಗಾದ್ರ ಮನಿಗ್ಯಾಕ? ಡಾಕ್ಟರ್ ಕಡೆ ನಡಿ."

ಅಪ್ಪ ಸಾಲನ್ನು ನೋಡಿದ. ಸಾಲು ಅಪ್ಪನ ಅಂಗಿಯ ಜೇಬನ್ನು ನೋಡಿತು. ಅವನ ಒಂದು ಕೈ ಜೇಬಿಗೆ ಹೋಯಿತು. ಇನ್ನೊಂದು ಕೈ ನನ್ನ ಫೋನು ಕಸಿದುಕೊಂಡಿತು, ಹೀಗಾಗಿ ಮುಂದಿನದರ ವಿಡಿಯೊ ನನ್ನ ಬಳಿ ಇಲ್ಲ. ಅಜ್ಜಿ ಆಗಲೇ ರಸ್ತೆ ದಾಟುತ್ತಿದ್ದಳು.