ಯಾರದೋ ಕಣ್ಣಿಗೆ ಹೊಂದಿಸಿದ್ದ ಮೈಕ್ರೋಸ್ಕೋಪು

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲಿಯಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಜಗಳ ಆಡಿಕೊಂಡೇ ಬೆಳೆದವಳು. ಈ ಸಂಗತಿ ಕೇಳಿದವರೆಲ್ಲ, “ನಿದ್ದೆಗಣ್ಣಲ್ಲಿದ್ರೇನೋ ಮೇಡಂ” ಅನ್ನುತ್ತಾರೆ. ಅಂಥವರಿಗೆ ನನ್ನದು ಒಂದೇ ಉತ್ತರ... ಆ ಕೋಣೆಯಲ್ಲಿ ನಾನಿದ್ದೆ, ನೀವಿರಲಿಲ್ಲ.

ಕಡೂರಿನ ಹೊರಗೆ, ರೈಲು ಹಳಿಯಿಂದ ಸ್ವಲ್ಪ ಆಚೆಗೆ ನಮ್ಮ ಸಂಶೋಧನಾ ಕೇಂದ್ರವಿದೆ. ಒಂದು ಕಾಲೇಜು ತಾನೊಂದೇ ಕೊಳ್ಳಲಾಗದಂಥ ಮೈಕ್ರೋಸ್ಕೋಪುಗಳನ್ನು ಎಲ್ಲರಿಗೂ ಸೇರಿ ಇಲ್ಲಿಟ್ಟಿದ್ದಾರೆ. ಬೇಕಾದವರು ಸ್ಲಾಟ್ ಬುಕ್ ಮಾಡಿ, ಸ್ಲೈಡ್ ತಂದು, ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ತೆಗೆದುಕೊಡುವವಳು ನಾನು, ಮಂಜುಳಾ. ಅಜ್ಜಂಪುರದ ಈರುಳ್ಳಿ ಬೇರಿನಿಂದ ಹಿಡಿದು ಹೆಬ್ಬೆ ಜಲಪಾತದ ಪಾಚಿಯವರೆಗೆ ನಾನು ನೋಡದೇ ಇರುವುದು ಕಡಿಮೆ.

ಆ ದಿನ ಬೀಗ ಹಾಕುವ ಹೊತ್ತಿಗೆ ಲೋಕೇಶ ಎನ್ನುವವನು ಬಂದ. ಅಂತರಘಟ್ಟೆಯವನು. ಒಂದು ಐಸ್ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದ. ಅವನ ತಂಗಿ ಸುಮಾ, ಕಾಲೇಜಿಗೆ ಹೋಗುವ ಹುಡುಗಿ, ದೂರದ ಆಸ್ಪತ್ರೆಯಲ್ಲಿ ಮಲಗಿದ್ದಳು. ಇದ್ದಕ್ಕಿದ್ದಂತೆ ಎರಡೂ ಕಿಡ್ನಿ ಕೈಕೊಡುತ್ತಿದ್ದವು. ಕಿಡ್ನಿಯಿಂದ ಚೂರು ತೆಗೆದು, ಹೊಳೆಯುವ ಬಣ್ಣ ಹಾಕಿ, ಒಂದೇ ಥರದ ಮೂರು ಸ್ಲೈಡ್ ಮಾಡಿ ಕಳಿಸಿದ್ದರು. ಅಲ್ಲಿನ ಮೈಕ್ರೋಸ್ಕೋಪು ಕೆಟ್ಟು ಕೂತಿತ್ತಂತೆ.

ಅಷ್ಟರಲ್ಲಿ ಅವಳ ಡಾಕ್ಟರಮ್ಮನ ಫೋನೂ ಬಂತು.

“ಬೆಳಗ್ಗೆ ಔಷಧ ಶುರು ಮಾಡ್ಲೇಬೇಕು ಮಂಜುಳಾ. ಯಾವುದು ಅಂತ ನಿಮ್ಮ ಚಿತ್ರ ನೋಡಿದ್ಮೇಲೇ ಹೇಳೋಕಾಗೋದು. ತಪ್ಪು ಔಷಧ ಕೊಟ್ರೆ ಕಿಡ್ನಿ ಉಳಿಯಲ್ಲ. ಮೂರರಲ್ಲಿ ಒಂದಾದ್ರೂ ಸರಿಯಾಗಿ ಬರ್ಲಿ.”

ಬೀಗದ ಕೈಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ.

ಆ ಬಣ್ಣದ ಸ್ವಭಾವ ನಿಮಗೆ ಗೊತ್ತಿರಬೇಕು. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಆದರೆ ಬೆಳಕು ಬಿದ್ದಷ್ಟೂ ಸವೆಯುತ್ತದೆ. ಆಸೆಪಟ್ಟು ನೋಡುತ್ತ ಕೂತರೆ ನೋಡುತ್ತಿದ್ದಂತೆಯೇ ಸತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೇ ದೀಪ ಆರಿಸಿ ಕೂತು, ಬೆಳಕನ್ನು ತಡೆಯುವ ಶಟರನ್ನು ಒಂದು ಕ್ಷಣ ತೆರೆದು, ಚಿತ್ರ ಹಿಡಿದು, ತಕ್ಷಣ ಮುಚ್ಚುತ್ತೇವೆ.

ಮೊದಲ ಸ್ಲೈಡ್ ಇಟ್ಟೆ. ಐಪೀಸುಗಳನ್ನು, ಅಂದರೆ ಕಣ್ಣಿಟ್ಟು ನೋಡುವ ಎರಡು ಗಾಜಿನ ಕೊಳವೆಗಳನ್ನು, ನನ್ನ ಕಣ್ಣಿಗೆ ಹೊಂದಿಸಿಕೊಂಡು ಜಾಗ ಹುಡುಕಿದೆ. ಸಿಕ್ಕಿತು. ಶಟರ್ ಮುಚ್ಚಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಲೋಕೇಶನ ಮುಖ ನೆನಪಾಯಿತು, ಪಾಪ, ಬೆಳಗಿನಿಂದ ಏನೂ ತಿಂದಂತೆ ಕಾಣಲಿಲ್ಲ. ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ನನ್ನ ಊಟದ ಡಬ್ಬಿಯಲ್ಲಿ ಉಳಿದಿದ್ದ ಎರಡು ರೊಟ್ಟಿ ಕೊಟ್ಟು ಬರೋಣ ಎಂದು ಎದ್ದೆ.

ವಾಪಸ್ ಬಂದು ಬಾಗಿಲು ತಳ್ಳಿದರೆ... ಕತ್ತಲಲ್ಲಿ ನೀಲಿ ಬೆಳಕು.

ಶಟರ್ ತೆರೆದಿತ್ತು.

ಓಡಿಹೋಗಿ ಮುಚ್ಚಿದೆ. ಮೂಗಿಗೆ ಏನೋ ಬಡಿಯಿತು, ಬತ್ತಿದ ಕೆರೆಯ ಕೆಸರಿನ ವಾಸನೆ. ಧೂಳೂ ನುಗ್ಗದ ಏಸಿ ಕೋಣೆಯಲ್ಲಿ ಕೆಸರೆಲ್ಲಿಂದ ಬರಬೇಕು? ಕೂತು ಒಂದು ಕ್ಷಣ ಇಣುಕಿದೆ. ಸ್ಲೈಡಿನಲ್ಲಿ ಹಸಿರು ಉಳಿದಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ನನಗೆ ಒಂದೇ ಕಣ್ಣಲ್ಲಿ ಕಾಣುತ್ತಿತ್ತು.

ಐಪೀಸುಗಳ ನಡುವಿನ ಅಂತರವನ್ನು ನೋಡುವವರ ಕಣ್ಣಿಗೆ ತಕ್ಕಂತೆ ಸರಿಸಿಕೊಳ್ಳುತ್ತೇವೆ. ಈಗಷ್ಟೇ ನನ್ನ ಕಣ್ಣಿಗೆ ಸರಿಮಾಡಿದ್ದೆ. ಈಗ ಅವೆರಡೂ ದೂರ ದೂರ, ಇನ್ನು ಸರಿಯಲಾಗದಷ್ಟು ತುದಿಗೆ ಹೋಗಿದ್ದವು. ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಜನರನ್ನು ಆ ಸ್ಟೂಲಿನ ಮೇಲೆ ಕೂರಿಸಿದ್ದೇನೆ. ಅಷ್ಟು ಅಗಲಕ್ಕೆ ಕಣ್ಣಿದ್ದ ಮನುಷ್ಯರನ್ನು ಕಂಡಿಲ್ಲ.

ಬಾಗಿಲಿಗೆ ಬಂದೆ. “ಏನಪ್ಪಾ, ಒಳಗೆ ಬಂದಿದ್ಯಾ?”

“ಇಲ್ಲ ಮೇಡಂ. ಇಲ್ಲೇ ಕುಂತಿದೀನಿ.” ರೊಟ್ಟಿ ಇನ್ನೂ ಕೈಯಲ್ಲೇ ಇತ್ತು. ದನಿ ತಗ್ಗಿಸಿ ಕೇಳಿದ, “ಒಳಗೆ ಕೆಮ್ತಾ ಇದಾರಲ್ಲ, ಅವ್ರೂ ಡಾಕ್ಟ್ರಾ?”

ನಾನು ಕೆಮ್ಮಿರಲಿಲ್ಲ. ಒಳಗೆ ಬೇರೆ ಯಾರೂ ಇರಲಿಲ್ಲ.

“ಹೂಂ ಕಣೋ. ನೀನು ತಿನ್ನು” ಎಂದು ಸುಳ್ಳು ಹೇಳಿ ಒಳಗೆ ಬಂದು ಚಿಲಕ ಹಾಕಿದೆ. ಆ ಹುಡುಗನಿಗೆ ಇನ್ನೊಂದು ಚಿಂತೆ ಯಾಕೆ?

ಎರಡನೇ ಸ್ಲೈಡ್. ಈ ಸಲ ಕಣ್ಣಿನಲ್ಲಿ ನೋಡುವುದೇ ಬೇಡ, ಎಲ್ಲ ಕಂಪ್ಯೂಟರಿನಲ್ಲೇ ನೋಡೋಣ ಅಂದುಕೊಂಡೆ. ಮೈಕ್ರೋಸ್ಕೋಪಿನ ಪಕ್ಕದಲ್ಲಿ ಒಂದು ಲಿವರ್, ಅಂದರೆ ಎಳೆಯುವ ಹಿಡಿ, ಇರುತ್ತದೆ. ಒಳಗೆ ತಳ್ಳಿದರೆ ಚಿತ್ರ ಕ್ಯಾಮೆರಾಕ್ಕೆ, ಹೊರಗೆ ಎಳೆದರೆ ಕಣ್ಣಿಗೆ. ಒಳಗೆ ತಳ್ಳಿ, ಶಟರ್ ತೆರೆದೆ. ಪರದೆಯ ಮೇಲೆ ಸುಮಾಳ ಕಿಡ್ನಿ ಹಸಿರಾಗಿ ಮೂಡತೊಡಗಿತು.

ಟಕ್...

ಪರದೆ ಕಪ್ಪಾಯಿತು.

ತಿರುಗಿದೆ. ಲಿವರ್ ಹೊರಗೆ ಬಂದಿತ್ತು. ಐಪೀಸುಗಳು ಮೆಲ್ಲಗೆ, ಎಣ್ಣೆ ಹಾಕಿದ ಹಾಗೆ, ಒಂದರಿಂದ ಒಂದು ದೂರ ಸರಿಯುತ್ತಿದ್ದವು. ತುದಿ ಮುಟ್ಟಿ ನಿಂತವು. ಆಮೇಲೆ ಎರಡೂ ಗಾಜಿನ ಮೇಲೆ ಮಂಜು ಕಟ್ಟಿತು. ಕರಗಿತು. ಮತ್ತೆ ಕಟ್ಟಿತು. ಕೆಸರಿನ ವಾಸನೆ ನನ್ನ ಮುಖದ ಹತ್ತಿರಕ್ಕೇ ಬಂತು. ಸ್ಟೂಲಿನ ಮೇಲೆ ಯಾರೂ ಇರಲಿಲ್ಲ, ಆದರೆ ಅದರ ಗಾಳಿ ತುಂಬಿದ ಮೆತ್ತೆ ಕೆಳಗಿಳಿದಿತ್ತು.

ನಿಜ ಹೇಳಬೇಕೆಂದರೆ ಆಗ ನನಗೆ ಕೈಕಾಲೇ ಆಡಲಿಲ್ಲ. ಶಟರ್ ಮುಚ್ಚಬೇಕೆಂದು ಹೊಳೆಯುವ ಹೊತ್ತಿಗೆ ಎರಡನೆಯದೂ ಬಿಳುಚಿ ಹೋಗಿತ್ತು. ಅದು ಅಷ್ಟು ಹೊತ್ತೂ ಆ ಹುಡುಗಿಯನ್ನು ನೋಡುತ್ತ ಕೂತಿತ್ತು. ನೋಡಿ ನೋಡಿಯೇ ಮುಗಿಸಿತ್ತು.

ಉಳಿದದ್ದು ಒಂದೇ ಸ್ಲೈಡ್. ಬಾಗಿಲು ಎರಡು ಹೆಜ್ಜೆಯಲ್ಲಿತ್ತು. ಓಡಿಹೋಗಿ ಲೋಕೇಶನಿಗೆ ಏನೆಂದು ಹೇಳಲಿ? ನಿನ್ನ ತಂಗಿಯ ಕಿಡ್ನಿಯನ್ನು ಯಾರೋ ನೋಡಿಕೊಂಡು ಹೋದರು ಅಂತಲೇ?

ಅದನ್ನು ಯೋಚಿಸಿದ ಕೂಡಲೇ ನನ್ನ ಭಯವೆಲ್ಲ ಸಿಟ್ಟಾಯಿತು. ಮೈಯೆಲ್ಲ ಉರಿದುಹೋಯಿತು.

“ಯಾವನೋ ನೀನು?” ಎಂದೆ. “ಎದ್ದೇಳು ಮೇಲೆ. ನೋಡಿದ್ದು ಸಾಕು. ಒಂದು ಹೆಣ್ಣುಮಗು ಅಲ್ಲಿ ಜೀವ ಹಿಡ್ಕೊಂಡು ಮಲಗಿದಾಳೆ, ನಿಂಗೆ ಇದು ಆಟವಾ? ನಾನಿರೋ ತನಕ ಅವಳ ತಂಟೆಗೆ ಬರ್ಬೇಡ. ಏಳು ಅಂದೆ.”

ಗಾಜಿನ ಮೇಲಿನ ಮಂಜು ಅರ್ಧಕ್ಕೆ ನಿಂತಿತು.

ಕೈ ಚಾಚಿ ಎರಡೂ ಐಪೀಸನ್ನು ಕೊಳವೆಯಿಂದ ಕಿತ್ತುಬಿಟ್ಟೆ. ಕಿತ್ತರೆ ಬರುತ್ತವೆ, ಒರೆಸಲು ನಾವು ತೆಗೆಯುತ್ತಲೇ ಇರುತ್ತೇವೆ. ಅವು ಬೆಚ್ಚಗಿದ್ದವು. ಏಸಿಯಲ್ಲಿ ಕೂತ ಲೋಹ ಬೆಚ್ಚಗಿರುವುದಿಲ್ಲ ಕಣ್ರೀ. ಕೋಟಿನ ಜೇಬಿಗೆ ಹಾಕಿಕೊಂಡೆ. ಈಗ ನೋಡು ಹೇಗೆ ನೋಡ್ತೀಯೋ, ಅಂದೆ.

ಮೂರನೆಯ ಸ್ಲೈಡ್ ಇಟ್ಟೆ. ಎಡಗೈಯಲ್ಲಿ ಲಿವರನ್ನು ಒಳಕ್ಕೆ ಒತ್ತಿ ಹಿಡಿದೆ, ಬಲಗೈ ಮೌಸಿನ ಮೇಲೆ. ಶಟರ್ ತೆರೆದೆ.

ಲಿವರ್ ಹೊರಕ್ಕೆ ಜಗ್ಗಿತು.

ಮೊದಲು ಮೆಲ್ಲಗೆ, ಬೆರಳ ತುದಿಯಲ್ಲಿ ಎಳೆದು ನೋಡಿದ ಹಾಗೆ. ಆಮೇಲೆ ಭುಜ ಕೀಳುವಷ್ಟು ಜೋರಾಗಿ. ಹಲ್ಲು ಕಚ್ಚಿ ಹಿಡಿದೆ. ಕಿವಿಯ ಪಕ್ಕದಲ್ಲೇ ಯಾರೋ ಕೆಮ್ಮಿದರು, ಒದ್ದೆ ಕೆಮ್ಮು. ನಾನು ತಿರುಗಲಿಲ್ಲ. ಪರದೆ ನೋಡುತ್ತಲೇ ಒಂದು ಚಿತ್ರ ತೆಗೆದೆ, ಇನ್ನೊಂದು ತೆಗೆದೆ, ಸುಮಾಳ ಕಿಡ್ನಿಯಲ್ಲಿ ರಕ್ತ ಸೋಸುವ ಒಂದೊಂದು ಗಂಟೂ ಹಸಿರು ಮಣಿಗಳ ಹಾಗೆ ಸ್ಪಷ್ಟವಾಗಿ ಬರುವವರೆಗೂ ತೆಗೆದೆ. ಶಟರ್ ಮುಚ್ಚಿದ ಮೇಲೆ ಎಳೆತ ನಿಂತಿತು. ವಾಸನೆಯೂ ಹೋಯಿತು. ನನ್ನ ಅಂಗೈಯಲ್ಲಿ ಲಿವರಿನ ಗುರುತು ಕೆಂಪಗೆ ಮೂಡಿತ್ತು.

ಚಿತ್ರ ಕಳಿಸಿದೆ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಫೋನ್ ಮಾಡಿ, “ಸಾಕು, ಗೊತ್ತಾಯ್ತು. ನಾನು ಬೇರೇನೇ ಅಂದ್ಕೊಂಡಿದ್ದೆ, ಸದ್ಯ” ಎಂದರು. ಲೋಕೇಶನಿಗೆ ಹೇಳಿದಾಗ ಅವನು ಗೋಡೆಗೆ ಮುಖ ಮಾಡಿಕೊಂಡು ಅತ್ತ. ನಾನೂ ಅತ್ತೆ, ಅವನು ನೋಡಲಿಲ್ಲ.

ಸುಮಾ ಚೇತರಿಸಿಕೊಂಡಳು. ಊರಿಗೆ ಮರಳಿದ ಮೇಲೆ ಒಂದು ಸಂಜೆ ಅವಳೇ ಫೋನ್ ಮಾಡಿದಳು. “ಹೇಗಿದೀಯಮ್ಮ?” ಎಂದೆ.

“ಮೇಡಂ... ಅವನನ್ನ ಬೈದಿದ್ದು ನೀವಾ?”

“ಯಾರನ್ನ?”

“ಅವತ್ತು ರಾತ್ರಿ ವಾರ್ಡಲ್ಲಿ ನನ್ ಮಂಚದ ಪಕ್ಕ ಒಬ್ಬ ಕುಂತಿದ್ದ. ಸುಮ್ನೆ ನೋಡ್ತಾ ಇದ್ದ. ಅವನು ನೋಡ್ದಷ್ಟೂ ನಂಗೆ ಶಕ್ತಿನೇ ಇಲ್ದಂಗಾಗೋದು. ಅಮ್ಮಂಗೆ ಕಾಣ್ತಾನೇ ಇರ್ಲಿಲ್ಲ. ಆಗ ಯಾರೋ ಹೆಂಗಸ್ರು ‘ಏಳು’ ಅಂತ ಬೈದ್ರು. ಇದೇ ದನಿ ಮೇಡಂ. ಆಮೇಲೆ ಎದ್ದ.”

ನಾನು ಈ ವಿಷಯವನ್ನು ಆವರೆಗೆ ಒಬ್ಬರಿಗೂ ಹೇಳಿರಲಿಲ್ಲ.

“ಎದ್ದು ಎಲ್ಲಿಗೆ ಹೋದ?” ಎಂದೆ.

“ಎಲ್ಲೂ ಹೋಗ್ಲಿಲ್ಲ ಮೇಡಂ. ಪಕ್ಕದ ಮಂಚದ ಹತ್ರ ಹೋಗಿ ಕುಂತ.”

ಆ ಮಂಚದಲ್ಲಿ ಯಾರಿದ್ದರು, ಆಮೇಲೆ ಏನಾದರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದೊಂದು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ. ಆದರೆ ಅಂದಿನಿಂದ ಆ ಆಸ್ಪತ್ರೆಯ ಸ್ಲೈಡ್ ಎಷ್ಟು ಹೊತ್ತಿಗೇ ಬರಲಿ, ಯಾರದ್ದೇ ಆಗಿರಲಿ, ಬೇರೆಯವರ ಕೈಗೆ ಕೊಡುವುದಿಲ್ಲ. ಐಪೀಸ್ ಕಿತ್ತು ಜೇಬಿಗೆ ಹಾಕಿಕೊಂಡು ನಾನೇ ಕೂರುತ್ತೇನೆ.