ನಳಿನಾಕ್ಷಿ ಮತ್ತು ನಾಲ್ಕು ಕಿವಿಯ ಪತಂಗ

ಆ ಬುಧವಾರ ಬೆಳಿಗ್ಗೆ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ ಉಜ್ವಲ್ ಸರ್ ಕುರ್ಚಿ ಬಿಟ್ಟು ಎದ್ದೇ ನಿಂತರು. ಉಡುಪಿಯ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅವರು ಉಪನ್ಯಾಸಕರಾಗಿ ಬಂದು ಎರಡು ವರ್ಷ. ಅಷ್ಟು ಜೋರಾಗಿ ಮಾತಾಡಿದ್ದನ್ನು ಅಟೆಂಡರ್ ನಳಿನಾಕ್ಷಿ ಕೇಳಿರಲಿಲ್ಲ.

"ನಳಿನಕ್ಕಾ, ನಮ್ಮ ಕಪಾಟಿನ ಈ ಹಳೇ ಪತಂಗಕ್ಕೆ ನಾಲ್ಕು ಕಿವಿ ಉಂಟು! ಎದೆಯಲ್ಲಿ ಎರಡು, ಹೊಟ್ಟೆಯಲ್ಲಿ ಎರಡು. ಇದರ ಅರ್ಥ ಎಂತ ಗೊತ್ತುಂಟಾ?"

ನಳಿನಾಕ್ಷಿಗೆ ಗೊತ್ತಿತ್ತು. ಪತಂಗದ ಕಿವಿ ಹೆಚ್ಚಾಗಿ ತಲೆಯಲ್ಲಿರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಎದೆಯ ಹಿಂಭಾಗದಲ್ಲಿ, ಕೆಲವದರಲ್ಲಿ ಹೊಟ್ಟೆಯ ಬುಡದಲ್ಲಿ. ಹಲವಕ್ಕೆ ಕಿವಿಯೇ ಇಲ್ಲ. ಬಾವಲಿಯ ಸದ್ದು ಹಿಡಿಯುವ ಆ ತೆಳು ಪೊರೆ ಪತಂಗಗಳ ವಂಶದಲ್ಲಿ ಒಂದೇ ಸಲ ಹುಟ್ಟಿದ್ದಲ್ಲ. ಒಂದೊಂದು ಮನೆಯವರು ತಮ್ಮ ತಮ್ಮ ಹಿತ್ತಿಲಲ್ಲಿ ಬಾವಿ ತೋಡಿಸಿಕೊಂಡ ಹಾಗೆ, ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆ ಜಾಗದಲ್ಲಿ ಮೂಡಿತು. ಹಾಗಾಗಿ ಕಿವಿ ಎಲ್ಲಿದೆ ಎಂದು ನೋಡಿದರೆ ಕುಟುಂಬದ ಜಾಡು ಸಿಗುತ್ತದೆ. ಎರಡೂ ಕಡೆ ಕಿವಿ ಇರುವ ಪತಂಗಕ್ಕೆ ಹೊಸ ಕುಟುಂಬವನ್ನೇ ಕಟ್ಟಬೇಕಾದೀತು.

ಇದನ್ನು ಆಕೆಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ ಆಕೆ ಒಂದೇ ಪಾಠವನ್ನು ತರಗತಿಯ ಹಿಂದೆ ನಿಂತು ಇಪ್ಪತ್ತಾರು ಸಲ ಕೇಳಿದ್ದಳು. ವಿದ್ಯಾರ್ಥಿಗಳು ಎರಡು ನಿಮಿಷ ಇಣುಕಿ ಹೋದ ಮೇಲೆ ಮಸೂರ ಒರೆಸುವ ನೆಪದಲ್ಲಿ ಅರ್ಧ ಗಂಟೆ ನೋಡುತ್ತಿದ್ದಳು.

ಆಕೆಗೆ ಗೊತ್ತಿದ್ದ ಇನ್ನೊಂದು ವಿಷಯ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಪತಂಗದ ಹೊಟ್ಟೆ ಅದರದ್ದಲ್ಲ.

ಮೊದಲಿದ್ದ ಮುಖ್ಯಸ್ಥರದ್ದು ಒಂದೇ ಹಟ: ಹೊರಗಿನ ಪರೀಕ್ಷಕರು ಬರುವಾಗ ಮೇಜಿನ ಮೇಲೆ ಒಂದು ಮುರುಕೂ ಕಾಣಬಾರದು. ಒಣಗಿದ ಪತಂಗದಲ್ಲಿ ಮೊದಲು ಉದುರುವುದೇ ಹೊಟ್ಟೆ. ಮಲ್ಲಿಗೆ ಮೊಗ್ಗು ಕಟ್ಟಿ ಹದವಾದ ಬೆರಳು ನಳಿನಾಕ್ಷಿಯದು. ಪರೀಕ್ಷೆಗೆ ಮುಂಚೆ ಬಣ್ಣ, ಗಾತ್ರ ನೋಡಿ ಯಾವುದೋ ಹೊಟ್ಟೆಯನ್ನು ಯಾವುದಕ್ಕೋ ಗೋಂದಿನಿಂದ ಅಂಟಿಸಿಬಿಡುತ್ತಿದ್ದಳು. ಹಲವು ವರ್ಷ ಪಾಠ ಕೇಳಿದ ಮೇಲೆಯೇ ತಾನು ಮಾಡಿದ್ದೇನೆಂದು ಹೊಳೆದದ್ದು. ಅಂದಿನಿಂದ ಅಂಟಿಸುವುದನ್ನು ಬಿಟ್ಟಳು. ಯಾರಿಗೂ ಹೇಳಲಿಲ್ಲ.

ಉಜ್ವಲ್ ಆಗಲೇ ಮಣಿಪಾಲದ ಪತಂಗತಜ್ಞೆ ಡಾ. ಜೆರ್ಟ್ರೂಡ್ ಅವರಿಗೆ ಫೋಟೋ ಕಳಿಸಿಯಾಗಿತ್ತು. ಶುಕ್ರವಾರ ಅವರು ಬಂದು ಹೂಂ ಎಂದರೆ ಲೇಖನ ವಿಜ್ಞಾನ ಪತ್ರಿಕೆಗೆ ಹೋಗುತ್ತದೆ. ಹೇಳಿದರೆ, ಇಪ್ಪತ್ತಾರು ವರ್ಷ ತಾನು ಕಾಯ್ದುಕೊಂಡು ಬಂದ ಪತಂಗದ ಕಪಾಟಿನ ಕೀಲಿ ಕೈತಪ್ಪಬಹುದು. ಹೇಳದಿದ್ದರೆ, ಭೂಮಿಯಲ್ಲಿ ಇಲ್ಲದ ಕುಟುಂಬವೊಂದು ತನ್ನ ಗೋಂದಿನ ಬಲದಿಂದ ಪುಸ್ತಕ ಸೇರುತ್ತದೆ.

ಗುರುವಾರ ಸಂಜೆ ಕಾಪುವಿನ ಮನೆಯಲ್ಲಿ, ಹಿಂದಿನ ರಾತ್ರಿಯಷ್ಟೇ ಆಕೆಯಿಂದ ಎಲ್ಲ ಕೇಳಿದ್ದ ಗಂಡ ಗುಣಪಾಲ ಊಟದ ತಟ್ಟೆ ದೂಡಿದ. "ಎಂತದು ಮಾರಾಯ್ತಿ, ಬಂಗುಡೆ ಸಾರಿಗೆ ಉಪ್ಪೇ ಇಲ್ಲ. ಒಂದು ಹುಳದ ಹೊಟ್ಟೆಯ ಚಿಂತೆಯಲ್ಲಿ ಗಂಡನ ಹೊಟ್ಟೆ ಮರೆತುಹೋಯಿತಾ?"

"ಹುಳ ಅಲ್ಲ, ಪತಂಗ."

"ಸರಿ, ಪತಂಗ. ನಾಳೆ ಹೇಳಿಬಿಡು. ಇಲ್ಲದಿದ್ದರೆ ನಾನು ವರ್ಷವಿಡೀ ಸಪ್ಪೆ ತಿನ್ನಬೇಕಾದೀತು."

ಶುಕ್ರವಾರ ಡಾ. ಜೆರ್ಟ್ರೂಡ್ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ನಳಿನಾಕ್ಷಿ ಬಾಗಿಲಿನಿಂದ ಒಳಗೆ ನಾಲ್ಕು ಹೆಜ್ಜೆ ಬಂದಳು.

"ಮೇಡಂ, ಅದರ ಹೊಟ್ಟೆ ಬೇರೆ ಪತಂಗದ್ದು. ಅಂಟಿಸಿದ್ದು ನಾನು."

ಉಜ್ವಲ್ ನಕ್ಕರು. "ನಳಿನಕ್ಕಾ, ಇವತ್ತು ತಮಾಷೆ ಬೇಡ."

"ತಮಾಷೆ ಅಲ್ಲ ಸರ್. ಬಿಸಿನೀರು ತರುತ್ತೇನೆ."

ಕುಂಚದ ತುದಿಯಿಂದ ಎರಡು ಹನಿ ಮುಟ್ಟಿಸಿದಳು. ಏಳನೆಯ ನಿಮಿಷಕ್ಕೆ ಗೋಂದು ಕರಗಿ ಹೊಟ್ಟೆ ಕಳಚಿತು. ಎದೆಯಲ್ಲಿ ಕಿವಿ ಇದ್ದ ಮುಂಭಾಗ ಎರೆಬಿಡೇ ಕುಟುಂಬದ್ದು, ಹೊಟ್ಟೆ ಜಿಯೊಮೆಟ್ರಿಡೇಯದು. ಉಜ್ವಲ್ ಬಾಗಿ ಎರಡೂ ತುಂಡುಗಳನ್ನು ನೋಡಿದರು. ಡಾ. ಜೆರ್ಟ್ರೂಡ್ ಕನ್ನಡಕ ತೆಗೆದರು.

"ಇಂಥವು ಇನ್ನೆಷ್ಟು ಉಂಟು?"

"ನಲವತ್ತೊಂದು. ಎಲ್ಲ ನೆನಪುಂಟು."

"ಪಟ್ಟಿ?"

"ಪಟ್ಟಿ ಇಲ್ಲ ಮೇಡಂ. ಬೆರಳಿಗೆ ಗೊತ್ತುಂಟು."

ಕಪಾಟಿನ ಹದಿನಾಲ್ಕು ಪೆಟ್ಟಿಗೆಗಳನ್ನೂ ಕೀಲಿಗೊಂಚಲನ್ನೂ ಮೇಜಿಗಿಟ್ಟು, ತಾನು ಅಂಟಿಸಿದ ಪತಂಗಗಳನ್ನು ಒಂದೊಂದಾಗಿ ಹೊರತೆಗೆದಳು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದಕ್ಕೂ ನೀರು ಮುಟ್ಟಿತು, ನಲವತ್ತೊಂದೂ ಕಳಚಿದವು. ಉಳಿದವುಗಳಲ್ಲಿ ಡಾ. ಜೆರ್ಟ್ರೂಡ್ ತಾವಾಗಿ ಆರಿಸಿದ ಇಪ್ಪತ್ತಕ್ಕೂ ನೀರು ಮುಟ್ಟಿಸಿ ನೋಡಿದರು. ಒಂದೂ ಅಲುಗಲಿಲ್ಲ.

ಆಮೇಲೆ ಅವರು ಚೀಲದಿಂದ ಹೆಬ್ರಿ, ಕಾರ್ಕಳದ ಕಡೆ ಹಿಡಿದ ಪತಂಗಗಳ ಪೆಟ್ಟಿಗೆ ತೆಗೆದು, ಚೀಟಿಗಳು ಕಾಣದಂತೆ ಮುಚ್ಚಿದರು. "ಇವುಗಳ ಹೆಸರು ಬೇಡ, ಕುಟುಂಬ ಸಾಕು. ಕುಳಿತುಕೊಂಡು ಹೇಳಿ."

ಸೂಕ್ಷ್ಮದರ್ಶಕದ ಮುಂದಿನ ಆ ಕುರ್ಚಿಯಲ್ಲಿ ನಳಿನಾಕ್ಷಿ ಅದುವರೆಗೆ ಕುಳಿತಿರಲಿಲ್ಲ. ಮೊದಲ ಹತ್ತನ್ನು ಎರಡೆರಡು ಸಲ ನೋಡಿ ಹೇಳಿದಳು. ಆಮೇಲೆ ಕಿವಿ, ಸೊಂಡಿಲು, ರೆಕ್ಕೆಯ ನರ ಎಂದು ಒಂದೇ ಕ್ರಮದಲ್ಲಿ ನೋಡುತ್ತ ಹೋದಳು. ಐವತ್ತೆಂಟು ಸರಿಯಾದವು. ಐವತ್ತೊಂಬತ್ತನೆಯದರಲ್ಲಿ ನಿಂತಳು.

"ಮೇಡಂ, ಈ ಸಾಲಿನ ಉಳಿದವೆಲ್ಲ ಪೈರಾಲಿಡೇ, ಇದನ್ನೂ ಅವುಗಳ ಜೊತೆ ಇಟ್ಟಿದ್ದೀರಿ. ಹಾಗಿದ್ದರೆ ಹೊಟ್ಟೆಯಲ್ಲಿ ಕಿವಿ ಬೇಕಲ್ವಾ? ಇಲ್ಲ. ಸೊಂಡಿಲಿನ ಬುಡದಲ್ಲಿ ಹುರುಪೆಯೂ ಇಲ್ಲ. ಇದು ಥೈರಿಡಿಡೇ ಕುಟುಂಬದ್ದು." ತಲೆ ಎತ್ತಿ ಸೇರಿಸಿದಳು, "ಇದರ ಹೊಟ್ಟೆ ನಾನು ಅಂಟಿಸಿದ್ದಲ್ಲ."

ಡಾ. ಜೆರ್ಟ್ರೂಡ್ ಬಾಗಿ ನೋಡಿದರು. ಮಸೂರ ಬದಲಿಸಿ ಮತ್ತೆ ನೋಡಿದರು. ಬಳಿಕ ತಮ್ಮ ಕೈಬರಹದ ಚೀಟಿ ಕಿತ್ತು, ಪೆನ್ನನ್ನು ನಳಿನಾಕ್ಷಿಯ ಮುಂದಿಟ್ಟರು. "ನೀವೇ ಬರೆಯಿರಿ. ಕೆಳಗೆ ಗುರುತಿಸಿದವರು ಅಂತ ನಿಮ್ಮ ಹೆಸರೂ ಇರಲಿ."

ಅದುವರೆಗೆ ಕಿಟಕಿಯತ್ತ ನೋಡುತ್ತಿದ್ದ ಉಜ್ವಲ್ ತಿರುಗಿದರು. "ಅಲ್ಲ ನಳಿನಕ್ಕಾ, ಬುಧವಾರವೇ ಹೇಳಿದ್ದರೆ ನನಗೆ ಎರಡು ದಿನ ನಿದ್ದೆಯಾದರೂ ಬರುತ್ತಿತ್ತು."

"ನನಗೂ ಬರಲಿಲ್ಲ ಸರ್."

ಅವರು ನಗಲೇಬೇಕಾಯಿತು. ನಕ್ಕವರು ಮೇಜಿನ ಮೇಲಿದ್ದ ಕಪಾಟಿನ ಕೀಲಿಗೊಂಚಲನ್ನು ಮತ್ತೆ ಆಕೆಯ ಕೈಗಿತ್ತರು.

"ಮಣಿಪಾಲದಲ್ಲಿ ವಿಂಗಡಿಸದ ಹನ್ನೆರಡು ಪೆಟ್ಟಿಗೆ ಉಂಟು," ಎಂದರು ಡಾ. ಜೆರ್ಟ್ರೂಡ್. "ಸೋಮವಾರ ಕಳಿಸಲಾ?"

ನಳಿನಾಕ್ಷಿ ಚೀಟಿ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು.

"ಮಂಗಳವಾರ ಕಳಿಸಿ ಮೇಡಂ. ಸೋಮವಾರ ನಮ್ಮ ಈ ಹದಿನಾಲ್ಕು ಪೆಟ್ಟಿಗೆಯ ಚೀಟಿ ಸರಿಮಾಡಲಿಕ್ಕುಂಟು."